ಕೋಸಿನ ಕುತ್ತಿಗೆ

ಗಂಡನಿಗೆ ಒಂದು ವಾರ ರಜೆ ಸಿಕ್ಕಿತು ಎಂದರೆ ಹೆಂಡತಿಗೆ ಒಂದು ವಾರ ಡಬಲ್ ಡ್ಯೂಟಿ ಬಿತ್ತು ಎಂದೇ ತಿಳಿಯಬೇಕು. ಈ ಸತ್ಯ ಲೋಕದ ಎಲ್ಲ ಹೆಂಗಸರಿಗೂ ಗೊತ್ತು; ಗೊತ್ತಿಲ್ಲದವರು ಗಂಡಸರು ಮಾತ್ರ. ಅದರಲ್ಲೂ ಗಟ್ಟಿಯಕ್ಕನ ಪಾಲಿಗೆ ಈ ಸಲದ ರಜೆ ಎಂಥ ಕೆಟ್ಟ ಹೊತ್ತಿನಲ್ಲಿ ಬಂತೆಂದರೆ, ಸುದ್ದಿ ಕೇಳಿದ ಕೂಡಲೇ ಅವಳು ಗಂಡನಿಗೆಂದು ತಂದ ಕಾಫಿಯನ್ನು ಅವರೆದುರೇ ತಾನು ಕುಡಿದುಬಿಟ್ಟಳು.

ಅವಳ ಗಂಡ ರೇಡಿಯೋ ಕೇಂದ್ರದ ನಾಟಕ ವಿಭಾಗದಲ್ಲಿ ಸದ್ದು ಮಾಡುವ ಕೆಲಸದವರು. (ಸದ್ದು ಮಾಡುವುದಕ್ಕೂ ಅಲ್ಲಿ ಸಂಬಳ ಕೊಡುತ್ತಾರೆ. ಮನೆಯಲ್ಲಿ ಗಟ್ಟಿಯಕ್ಕ ಅದನ್ನು ಪುಕ್ಕಟೆ ಮಾಡುತ್ತಾಳೆ.) ನಾಟಕದಲ್ಲಿ ಕುದುರೆ ಓಡಿದರೆ ಅದು ಇವರ ಕೈಯಲ್ಲಿರುವ ಎರಡು ತೆಂಗಿನ ಚಿಪ್ಪು. ಮಳೆ ಸುರಿದರೆ ತಟ್ಟೆಯಲ್ಲಿ ಉರುಳುವ ಕಾಳು. ಗುಡುಗಿದರೆ ಅಲುಗಾಡುವ ತಗಡು. ಹೆಣವನ್ನು ಎಳೆದರೆ ಒದ್ದೆ ಗೋಣಿಚೀಲ. ರಾಜನ ತಲೆ ಹಾರಿತೋ, ಹಾರುವುದು ಎಲೆಕೋಸು. ಜೊತೆಗೆ ಕೆಲಸ ಮಾಡುವವರು ಸದ್ದಪ್ಪ, ಸದ್ದಪ್ಪ ಎಂದು ಕರೆದು ಕರೆದು ಅದೇ ಹೆಸರು ನಿಂತುಹೋಗಿತ್ತು. ಐತಿಹಾಸಿಕ ನಾಟಕವಿದ್ದ ವಾರ, ಹಗಲು ಕಡಿದ ತಲೆಗಳೆಲ್ಲ ಸಂಜೆ ಚೀಲದಲ್ಲಿ ಮನೆಗೆ ಬಂದು ಗಟ್ಟಿಯಕ್ಕನ ಪಾತ್ರೆಯಲ್ಲಿ ಬೇಯುತ್ತಿದ್ದವು. ಒಂದು ಇಡೀ ರಾಜವಂಶ ಆ ಮನೆಯವರ ಹೊಟ್ಟೆ ಸೇರಿತ್ತು.

ಇಂಥ ಮನುಷ್ಯನಿಗೆ ಕಿವಿಯೇ ಆಸ್ತಿ. ಆದ್ದರಿಂದ ಮೇಲಿನ ಮನೆಯನ್ನು ಬಾಡಿಗೆಗೆ ಕೊಡುವಾಗ ಸದ್ದಪ್ಪನವರು ಒಂದು ರಾಜಶಾಸನವನ್ನೇ ಹೊರಡಿಸಿದ್ದರು. ಮೇಲೆ ಯಾರೂ ಕುಟ್ಟಬಾರದು, ಬೀಸಬಾರದು, ಕುರ್ಚಿ ಎಳೆಯಬಾರದು, ಹಿಮ್ಮಡಿ ಊರಿ ನಡೆಯಬಾರದು, ವ್ಯಾಪಾರ ವ್ಯವಹಾರ ಅಂತೂ ಕೂಡದೇ ಕೂಡದು. ಒಪ್ಪಿಕೊಂಡು ಬಂದವರು ಒಬ್ಬ ಗೂಡ್ಸ್ ರೈಲಿನ ಗಾರ್ಡ್ ಮತ್ತು ಅವನ ಹೆಂಡತಿ. ಗಾರ್ಡ್ ಅರ್ಧ ತಿಂಗಳು ರೈಲಿನ ಮೇಲೆ, ಇನ್ನರ್ಧ ತಿಂಗಳು ಹಾಸಿಗೆಯ ಮೇಲೆ. ಹೆಂಡತಿ ಗಾರ್ಡಮ್ಮ ಕಡ್ಡಿಯಂಥ ಹುಡುಗಿ. ಸೀನು ಬಂದರೂ ಹೊರಗೆ ಹೋಗಿ ಸೀನಿ ಬರುತ್ತಿದ್ದಳು.

ಈಗ ಗಟ್ಟಿಯಕ್ಕನ ಸಂಕಟಕ್ಕೆ ಬರೋಣ. ಆ ಹೆಸರು ಅವಳಿಗೆ ಸುಮ್ಮನೆ ಬಂದದ್ದಲ್ಲ. ಮದುವೆಯಾದ ಹೊಸತರಲ್ಲಿ ಬಚ್ಚಲಿಗೆ ಹಾವು ಬಂದಾಗ ಅದರ ಮೇಲೆ ಬಕೆಟ್ಟು ಕವುಚಿ, ಬಕೆಟ್ಟಿನ ಮೇಲೆ ತಾನು ಕೂತು, ಬಂದ ಕೆಲಸವಾಗಲಿ ಎಂದು ಬಟ್ಟೆ ಒಗೆದವಳು ಅವಳು. (ಸದ್ದಪ್ಪನವರು ಆ ಹೊತ್ತಿನಲ್ಲಿ ಬೀರುವಿನ ಮೇಲಿದ್ದರು.) ಬೀದಿಯವರು ಅಂದಿನಿಂದ ಗಟ್ಟಿಯಕ್ಕ ಎಂದರು. ಕತ್ತಲೆಗೆ ಹೆದರಲಿಲ್ಲ, ಕಳ್ಳರಿಗೆ ಹೆದರಲಿಲ್ಲ, ಗಂಡನಿಗಂತೂ ಹೆದರುವ ಪ್ರಶ್ನೆಯೇ ಬರಲಿಲ್ಲ. ಅವಳಿಗೆ ಚುಚ್ಚುತ್ತಿದ್ದದ್ದು ಒಂದೇ ಒಂದು. ಮಕ್ಕಳು ದೊಡ್ಡವರಾಗಿ ಅವರವರ ದಾರಿ ಹಿಡಿದ ಮೇಲೆ ಯಾರಾದರೂ “ನೀವು ಏನು ಮಾಡ್ತೀರಿ?” ಎಂದು ಕೇಳಿದರೆ “ಏನಿಲ್ಲ, ಮನೆಯಲ್ಲೇ ಇರ್ತೀನಿ” ಎನ್ನಬೇಕಾಗುತ್ತಿತ್ತು. ಬೆಳಗಿನಿಂದ ರಾತ್ರಿಯ ತನಕ ಗಾಣದ ಎತ್ತಿನ ಹಾಗೆ ದುಡಿದು ಕೊನೆಗೆ “ಏನಿಲ್ಲ” ಎನ್ನುವುದು ಅವಳಿಗೆ ಸಾಕುಸಾಕಾಗಿತ್ತು. ನನ್ನದು ಅಂತ ಒಂದು ಕೆಲಸ ಬೇಕು ಎಂದು ಅವಳು ಹಟ ಹಿಡಿದಿದ್ದಳು. ಯಾರ ಹತ್ತಿರ? ತನ್ನ ಹತ್ತಿರವೇ.

ಗಾರ್ಡಮ್ಮನಿಗೂ ಅದೇ ರೋಗ. ಇಬ್ಬರೂ ಸೇರಿ ಗುಟ್ಟಾಗಿ ಊರಾಚೆಯ ಕಾರ್ಖಾನೆಯ ಕ್ಯಾಂಟೀನಿನವರನ್ನು ಹಿಡಿದರು. ಕ್ಯಾಂಟೀನಿಗೆ ದಿನಾ ಎರಡು ಮೂಟೆ ಎಲೆಕೋಸು ಹೆಚ್ಚಿದ್ದು ಬೇಕಿತ್ತು. ಕ್ಯಾಂಟೀನ್ ಮ್ಯಾನೇಜರು, ಒಂದು ವಾರ ನೋಡುತ್ತೇನೆ, ಹನ್ನೊಂದು ಗಂಟೆಗೆ ನಮ್ಮ ಆಟೋ ಬಂದಾಗ ಕೋಸು ಸಿದ್ಧವಿದ್ದರೆ ವರ್ಷದ ಕಾಂಟ್ರಾಕ್ಟು ನಿಮ್ಮದು, ಒಂದು ದಿನ ತಪ್ಪಿದರೂ ಹೆಚ್ಚುವ ಮೆಶೀನು ತರಿಸಿಬಿಡುತ್ತೇನೆ ಎಂದಿದ್ದ. ಗಂಡನಿಗೆ ಹೇಳುವ ಯೋಚನೆ ಗಟ್ಟಿಯಕ್ಕ ಮಾಡಲೇ ಇಲ್ಲ. ಗೆದ್ದ ಮೇಲೆ ಹೇಳಿದರೆ ಅದು ಸುದ್ದಿ. ಮೊದಲೇ ಹೇಳಿದರೆ ಚರ್ಚೆ. ಆ ಮನೆಯಲ್ಲಿ ಚರ್ಚೆ ಎಂದರೆ ಸದ್ದಪ್ಪನವರು ಮಾತಾಡುವುದು, ಉಳಿದವರು ಆಕಳಿಸುವುದು. ಹೇಗೂ ಅವರು ಬೆಳಿಗ್ಗೆ ಹೋದರೆ ಬರುವುದು ಸಂಜೆ. ಅಷ್ಟರಲ್ಲಿ ಊರಿನ ಕೋಸನ್ನೆಲ್ಲ ಹೆಚ್ಚಬಹುದು ಎಂದು ಅವಳ ಲೆಕ್ಕ.

ಆ ವಾರವೇ ರೇಡಿಯೋ ಕೇಂದ್ರದವರಿಗೆ ಸ್ಟುಡಿಯೋದ ಗೋಡೆ ದುರಸ್ತಿ ಮಾಡಿಸಬೇಕೆಂಬ ಜ್ಞಾನೋದಯವಾಗಬೇಕೆ? ಸದ್ದಪ್ಪನವರು ಗುಡುಗಿನ ತಗಡನ್ನು ಮಗುವಿನ ಹಾಗೆ ಅಪ್ಪಿಕೊಂಡು ಮನೆಗೆ ಬಂದು, ಅಲ್ಲಿದ್ದರೆ ಗಾರೆಯವರು ಬಗ್ಗಿಸಿಬಿಡುತ್ತಾರೆ ಎಂದು ಬಾಗಿಲ ಹಿಂದೆ ನಿಲ್ಲಿಸಿ, “ಇನ್ನೊಂದು ವಾರ ಮನೆಯಲ್ಲೇ” ಎಂದು ಕಾಲು ಚಾಚಿದರು.

ಗಟ್ಟಿಯಕ್ಕ ಸೋಲುವವಳಲ್ಲ. ಮಾರ್ಕೆಟ್ಟಿಗೆ ಹೋಗುತ್ತೇನೆಂದು ಚೀಲ ಹಿಡಿದು ಮುಂಬಾಗಿಲಿನಿಂದ ಹೊರಟಳು, ಬೀದಿ ಸುತ್ತಿ ಹಿತ್ತಲಿಗೆ ಬಂದಳು, ಚಪ್ಪಲಿ ಕೈಯಲ್ಲಿ ಹಿಡಿದು ಹಿಂದಿನ ಮೆಟ್ಟಿಲು ಹತ್ತಿ ಮೇಲಿನ ಮನೆ ಸೇರಿದಳು. ಕೆಳಗೆ ಕೇಳಿಸಬಾರದೆಂದು ಹಲಗೆಯ ಅಡಿಗೆ ಕಂಬಳಿ ಹಾಸಿಕೊಂಡರು. ಮೂಟೆಯನ್ನು ಎತ್ತಿ ಇಟ್ಟರೆ ಧಡ್ ಎನ್ನುತ್ತದೆಂದು ಅದಕ್ಕೆ ನೀರು ಚಿಮುಕಿಸಿ ನೆಲದ ಮೇಲೆ ಮೆಲ್ಲಗೆ ಎಳೆದರು. ಮಾತನ್ನೂ ಪಿಸುಗುಟ್ಟಿಯೇ ಆಡಿದರು. ಮೊದಲ ದಿನದ ಕೋಸು ಹಿತ್ತಲ ಬೀದಿಗೆ ಬಂದ ಆಟೋ ಹತ್ತಿತು. ಗಟ್ಟಿಯಕ್ಕ ಜಗತ್ತನ್ನು ಗೆದ್ದವಳ ಹಾಗೆ ಬೀದಿ ಸುತ್ತಿ ಮುಂಬಾಗಿಲಿಗೆ ಬಂದಳು.

ಸದ್ದಪ್ಪನವರು ನಡುಮನೆಯಲ್ಲಿ, ಸೂರಿನ ಕಡೆ ಕಿವಿ ಎತ್ತಿಕೊಂಡು ನಿಂತಿದ್ದರು. ಬಾಗಿಲು ಹಾಕು ಎಂದು ಸನ್ನೆ ಮಾಡಿದರು. ಹಾಕಿದಳು. ಚಿಲಕ ಹಾಕು ಎಂದು ಸನ್ನೆ ಮಾಡಿದರು. ಅದನ್ನೂ ಹಾಕಿದಳು.

“ಮೇಲಿನ ಮನೆಯಲ್ಲಿ ಕೊಲೆ ಆಗಿದೆ ಕಣೇ,” ಎಂದರು.

ಗಟ್ಟಿಯಕ್ಕ ಖಾಲಿ ಚೀಲವನ್ನು ಬೆನ್ನ ಹಿಂದೆ ಅಡಗಿಸುತ್ತ, “ಯಾರದ್ದು?” ಎಂದಳು.

“ಗಾರ್ಡ್‌ದು. ಇನ್ಯಾರದ್ದು? ನಾಲ್ಕು ದಿನದಿಂದ ಅವನ ಬೂಟಿನ ಸದ್ದಿಲ್ಲ.”

“ಡ್ಯೂಟಿ ಮೇಲೆ ಹೋಗಿರ್ತಾರೆ, ರೀ.”

“ಹಾಗಂತ ಅವಳು ಹೇಳ್ತಾಳೆ,” ಎಂದು ಸದ್ದಪ್ಪನವರು ಕಣ್ಣು ಕಿರಿದು ಮಾಡಿದರು. ಆಮೇಲೆ ಬೆಳಗಿನಿಂದ ತಾವು ಕೇಳಿದ್ದನ್ನೆಲ್ಲ ಒಂದೊಂದಾಗಿ ಬಿಚ್ಚಿಟ್ಟರು. ಮೊದಲು ಕಚಕ್ ಅಂತ ಏಟು. ಆಮೇಲೆ ದೊಪ್ ಅಂತ ಏನೋ ಬಿದ್ದದ್ದು. ಆಮೇಲೆ ಒದ್ದೆಯಾದ ಭಾರವಾದ ಒಂದು ವಸ್ತುವನ್ನು ಸರ್ರನೆ ಎಳೆದದ್ದು. ಆಮೇಲೆ ಪಿಸುಮಾತು. ಕೊನೆಗೆ ನೀರು, ಎಷ್ಟೋ ಹೊತ್ತು ನೀರು. ಇಂಥ ದೃಶ್ಯವನ್ನು ತಾವು ಸ್ಟುಡಿಯೋದಲ್ಲಿ ಎಷ್ಟು ಸಲ ಮಾಡಿಲ್ಲ, ಇದರಲ್ಲಿ ತಮಗೆ ಯಾರೂ ಮೋಸ ಮಾಡಲಾರರು ಎಂದರು.

ನಗು ಗಂಟಲಿನ ತನಕ ಬಂದದ್ದನ್ನು ಗಟ್ಟಿಯಕ್ಕ ಕೆಮ್ಮಿ ಒಳಕ್ಕೆ ತಳ್ಳಿದಳು. ಪಾಪ, ಮನುಷ್ಯ ಹೀಗೆ ಬೆವರುತ್ತಿದ್ದಾರಲ್ಲ ಎಂದು ಕರುಣೆಯೂ ಬಂತು. “ಯಾರೋ ಕೋಸು ಹೆಚ್ಚಿರಬಹುದಲ್ಲ?” ಎಂದು ಮೆತ್ತಗೆ ಹೇಳಿ ನೋಡಿದಳು.

ಸದ್ದಪ್ಪನವರಿಗೆ ಅದು ಕೆನ್ನೆಗೆ ಹೊಡೆದ ಹಾಗಾಯಿತು.

“ಕೋಸಿನ ಸದ್ದನ್ನು ನೀನು ನನಗೆ ಹೇಳಿಕೊಡ್ತೀಯಾ? ಇಪ್ಪತ್ತೈದು ವರ್ಷದಿಂದ ಕೋಸಿನಲ್ಲೇ ರಾಜರನ್ನು ಕೊಂದವನು ನಾನು. ಕೋಸಾಗಿದ್ದರೆ ಇದಕ್ಕಿಂತ ಚೆನ್ನಾಗಿ ಕೇಳ್ತಿತ್ತು. ಇದು ಒರಟು ಕೈ, ಇದರಲ್ಲಿ ಕಲೆಯೇ ಇಲ್ಲ. ಅದಕ್ಕೇ ಹೇಳೋದು, ಇದು ಅಸಲಿ.”

ಕೋಸು ಹೆಚ್ಚಿದರೆ ಕೋಸು ಹೆಚ್ಚಿದ ಹಾಗೆ ಕೇಳಿಸದ ಕಿವಿ ಭೂಮಂಡಲದಲ್ಲಿ ಅದೊಂದೇ ಇದ್ದಿರಬೇಕು. ಗಟ್ಟಿಯಕ್ಕನಿಗೆ ಕೊಲೆಯ ಆರೋಪಕ್ಕಿಂತ ಆ “ಕಲೆಯೇ ಇಲ್ಲ” ಎಂಬ ಮಾತು ಹೆಚ್ಚು ನಾಟಿತು. ಮರುದಿನ ಅವಳು ಚಾಕುವಿಗೆ ಸಾಣೆ ಹಿಡಿಸಿಕೊಂಡೇ ಮೇಲೆ ಹೋದಳು. ಒಂದೊಂದು ಕೋಸನ್ನೂ ಹದವಾಗಿ, ತಾಳ ತಪ್ಪದ ಹಾಗೆ ಹೆಚ್ಚಿದಳು. ಕೆಳಗೆ ಬಂದಾಗ ಗಂಡನ ಮುಖ ಇನ್ನೂ ಬಿಳಿಚಿತ್ತು. ಇವತ್ತು ಕೈ ಪಳಗಿದೆ, ನಿನ್ನೆಗೂ ಇವತ್ತಿಗೂ ಅಜಗಜಾಂತರ, ಅಭ್ಯಾಸ ಮಾಡಿದ್ದಾರೆ ಎಂದರು. ಅವಳಿಗೆ ಒಳಗೊಳಗೇ ಖುಷಿಯಾಗಿ ಅವರಿಗೊಂದು ಲೋಟ ಕಾಫಿ ಹೆಚ್ಚಿಗೆ ಕೊಟ್ಟಳು.

ಕಾಫಿ ಕುಡಿದು ಧೈರ್ಯ ಬಂದ ಸದ್ದಪ್ಪನವರು ಇನ್ನೊಂದು ಸಂಗತಿ ಹೇಳಿದರು. ಮೇಲೆ ಇರುವುದು ಗಾರ್ಡಮ್ಮ ಒಬ್ಬಳಲ್ಲ. ಇನ್ನೊಬ್ಬ ಹೆಂಗಸಿದ್ದಾಳೆ.

“ತೂಕದ ಹೆಂಗಸು. ಹಿಮ್ಮಡಿ ಊರಿ ನಡೀತಾಳೆ. ಕೂತರೆ ಸೂರು ನಿಟ್ಟುಸಿರು ಬಿಡುತ್ತೆ. ಹೆಜ್ಜೆ ಕೇಳಿದರೇ ಗೊತ್ತಾಗುತ್ತೆ, ಗಂಡನ ಮಾತು ಕೇಳೋ ಜಾತಿಯಲ್ಲ. ಚಾಕು ಹಿಡಿದಿರೋದು ಅವಳೇ. ಆ ಕಡ್ಡಿ ಹುಡುಗಿಗೆ ಅಷ್ಟು ಕ್ರೌರ್ಯ ಎಲ್ಲಿಂದ ಬರಬೇಕು?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಗಟ್ಟಿಯಕ್ಕ ಸೊಂಟ ಮುಟ್ಟಿ ನೋಡಿಕೊಂಡಳು. ಇಷ್ಟು ವರ್ಷ ಜೊತೆಗೆ ಬಾಳಿದ ಹೆಂಡತಿಯ ಹೆಜ್ಜೆ ಗುರುತು ಸಿಗಲಿಲ್ಲವಲ್ಲ ಈ ಮಹಾಶ್ರವಣನಿಗೆ, ಸಿಕ್ಕಿದ್ದು ತೂಕ ಒಂದೇ ಎಂದು ಮೈ ಉರಿಯಿತು. ಅಂದು ರಾತ್ರಿ ಅವಳು ಅರ್ಧ ಹೊಟ್ಟೆ ಉಂಡಳು. ಗಂಡನಿಗೂ ಅರ್ಧ ಹೊಟ್ಟೆಯೇ ಬಡಿಸಿದಳು.

ದಿನ ಕಳೆದ ಹಾಗೆ ಸದ್ದಪ್ಪನವರ ಭಯ ಹಿಟ್ಟಿನ ಹಾಗೆ ಉಬ್ಬಿತು. ಗಾರ್ಡ್ ಒಬ್ಬನೇ ಆದರೆ ಇಷ್ಟು ದಿನ ಹೆಚ್ಚಲು ಏನಿದೆ ಎಂಬ ಪ್ರಶ್ನೆ ಎದ್ದು, ಸತ್ತವರ ಸಂಖ್ಯೆ ಏರಿತು. ಹಾಲಿನವನು ಒಂದು ದಿನ ಬರದಿದ್ದರೆ ಅವನೂ ಲೆಕ್ಕಕ್ಕೆ ಸೇರಿದ. (ಮರುದಿನ ಅವನು ಬಂದಾಗ ಸದ್ದಪ್ಪನವರಿಗೆ ಸಮಾಧಾನಕ್ಕಿಂತ ಬೇಸರವೇ ಹೆಚ್ಚಾದಂತೆ ಕಂಡಿತು.) ಹೆಂಡತಿ ಮಾರ್ಕೆಟ್ಟಿಗೆ ಹೊರಟ ಮೇಲೆಯೇ ಸದ್ದು ಶುರುವಾಗುತ್ತದೆ, ಅವಳು ಬರುವುದಕ್ಕೆ ಮುಂಚೆ ನಿಲ್ಲುತ್ತದೆ ಎಂಬುದನ್ನೂ ಅವರು ಕಂಡುಹಿಡಿದರು. ಅದರಿಂದ ತೀರ್ಮಾನಿಸಿದ್ದು ಏನೆಂದರೆ, ಕೊಲೆಗಡುಕರು ನಿನ್ನ ಓಡಾಟದ ಮೇಲೆ ಕಣ್ಣಿಟ್ಟಿದ್ದಾರೆ, ಹುಷಾರಾಗಿರು ಎಂದು. ಪೊಲೀಸರ ಹತ್ತಿರ ಹೋಗುತ್ತೇನೆ ಎಂದು ಹೊರಟೇಬಿಟ್ಟಿದ್ದರು. ಬರೀ ಕಿವಿಯ ಸಾಕ್ಷಿ ನಡೆಯುವುದಿಲ್ಲ, ವಾರ ಪೂರ್ತಿ ಕೇಳಿ ಪುರಾವೆ ಗಟ್ಟಿ ಮಾಡಿಕೊಳ್ಳಿ ಎಂದು ಗಟ್ಟಿಯಕ್ಕ ಅವರನ್ನು ಹಿಡಿದು ಕೂರಿಸಿದಳು. ವಾರ ಮುಗಿದರೆ ಅವಳ ಕಾಂಟ್ರಾಕ್ಟೂ ಗಟ್ಟಿಯಾಗುತ್ತಿತ್ತು.

ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು. ಕೆಟ್ಟದ್ದು ಕೊನೆಯ ದಿನಕ್ಕೆ ಮುಂಚಿನ ಮಧ್ಯಾಹ್ನ, ಊಟದ ಮೇಜಿನ ಮುಂದೆ.

ಅಂದು ಗಟ್ಟಿಯಕ್ಕನಿಗೆ ಸ್ವಲ್ಪ ಚೇಷ್ಟೆ ಮಾಡುವ ಮನಸ್ಸಾಯಿತು. ಅಷ್ಟು ಸುಲಭವಾಗಿ ಕುತ್ತಿಗೆ ಕಡಿಯುವುದಕ್ಕೆ ಆಗುತ್ತದೆಯೇ ಎಂದು ಕೇಳಿದಳು. ಕೇಳಬಾರದಿತ್ತು. ಸದ್ದಪ್ಪನವರು ಕೈ ತೊಳೆದು ಬಂದು, ಕಿಟಕಿ ಮುಚ್ಚಿ, ನಾಟಕದಲ್ಲಿ ಮುದುಕ ಸಾಯುವಾಗ ಬರುವಂಥ ತಗ್ಗಿದ ಧ್ವನಿ ತೆಗೆದರು.

“ಒಂದೇ ಏಟಿಗೆ ಹೋಗೋದಿಲ್ಲ ಕಣೇ. ಮೊದಲು ಮೇಲಿನ ಪದರ. ಅದು ಚರ್ಮ. ಅಲ್ಲಿ ಚಾಕು ಸ್ವಲ್ಪ ಕಿರ್ರ್ ಅನ್ನುತ್ತೆ. ಆಮೇಲೆ ಒಳಪದರ, ಒಂದರ ಮೇಲೊಂದು, ಅವೆಲ್ಲ ನರ. ಕೊನೆಗೆ ನಡುವಿನ ದಂಟು. ಅಲ್ಲಿ ಚಾಕು ನಿಲ್ಲುತ್ತೆ, ಒಂದೇ ಒಂದು ಕ್ಷಣ. ಆ ಒಂದು ಕ್ಷಣದಲ್ಲಿ ಆ ಮನುಷ್ಯನಿಗೆ ಹೆಂಡತಿ ಮಕ್ಕಳ ನೆನಪಾಗುತ್ತೆ. ಆಮೇಲೆ ಕಟಕ್.”

ಎಷ್ಟಾದರೂ ಇಪ್ಪತ್ತೈದು ವರ್ಷ ಜನರ ಎದೆ ನಡುಗಿಸಿ ಸಂಬಳ ತಿಂದ ಮನುಷ್ಯ. ಆ ಕಟಕ್ ಅನ್ನು ನಾಲಿಗೆಯಲ್ಲಿ ಮಾಡಿದ್ದು ಹೇಗೋ ದೇವರೇ ಬಲ್ಲ. ಗಟ್ಟಿಯಕ್ಕ ನಕ್ಕಳು. ನಕ್ಕು ಎದ್ದು ಪಾತ್ರೆ ತೊಳೆಯಲು ಹೋದಳು. ಪಾತ್ರೆ ತೊಳೆಯುತ್ತ ಒಂದು ಸಲ ಸುಮ್ಮಸುಮ್ಮನೆ ಹಿಂದಕ್ಕೆ ತಿರುಗಿ ನೋಡಿದಳು. ಅಷ್ಟೇ.

ಕೊನೆಯ ದಿನ ಬಂತು. ಗಟ್ಟಿಯಕ್ಕ ಮೇಲೆ ಹೋಗಿ, ಸೆರಗು ಸಿಕ್ಕಿಸಿ, ಮೊದಲ ಕೋಸನ್ನು ಹಲಗೆಯ ಮೇಲಿಟ್ಟು ಚಾಕು ಎತ್ತಿದಳು. ಮೇಲಿನ ಎಲೆಯೊಂದು ಪಕ್ಕಕ್ಕೆ ಮಡಚಿಕೊಂಡಿತ್ತು. ಥೇಟ್ ಕಿವಿ. ಛೆ, ಎಂದು ಅದನ್ನು ಆ ಕಡೆ ತಿರುಗಿಸಿದಳು. ಆ ಕಡೆ ಅಗಲವಾದ ಹಣೆ, ಹಣೆಯ ತುಂಬ ನರ. ಅದನ್ನು ಕೆಳಗಿಟ್ಟು ಚಿಕ್ಕದೊಂದನ್ನು ತೆಗೆದಳು. ಅದು ಇನ್ನೂ ಚಿಕ್ಕ ವಯಸ್ಸಿನದು, ಬಾಳಿ ಬದುಕಬೇಕಾದದ್ದು ಎನ್ನಿಸಿ ಮನಸ್ಸು ಬರಲಿಲ್ಲ. ಚಾಕು ಎತ್ತಿದ ಕೈ ಎತ್ತಿದಂತೆಯೇ ನಿಂತಿತು.

ಇದು ಕೋಸು ಎಂದು ಅವಳಿಗೆ ಗೊತ್ತಿತ್ತು. ಅದನ್ನೇ ತನಗೆ ತಾನೇ ಗಟ್ಟಿಯಾಗಿ ಹೇಳಿಯೂ ಕೊಂಡಳು. ಆದರೆ ಗೊತ್ತಿರುವ ಜಾಗವೇ ಬೇರೆ, ಹೆದರುವ ಜಾಗವೇ ಬೇರೆ ಎಂಬುದು ಅವಳಿಗೆ ಆವತ್ತೇ ತಿಳಿದದ್ದು. ಚಾಕು ದಂಟಿನ ಹತ್ತಿರ ಬರುತ್ತದೆ, ಒಂದು ಕ್ಷಣ ನಿಲ್ಲುತ್ತದೆ, ಆ ಒಂದು ಕ್ಷಣದಲ್ಲಿ ಈ ಕೋಸಿಗೆ ಹೆಂಡತಿ ಮಕ್ಕಳ ನೆನಪಾಗುತ್ತದೆ ಎಂದುಕೊಂಡರೆ ಸಾಕು, ಚಾಕುವನ್ನು ಕೆಳಗಿಟ್ಟುಬಿಡುತ್ತಿದ್ದಳು. ಜೀವಂತ ಹಾವಿನ ಮೇಲೆ ಕೂತು ಬಟ್ಟೆ ಒಗೆದ ವೀರವನಿತೆಯ ಜಂಘಾಬಲ ಒಂದು ತರಕಾರಿಯ ಮುಂದೆ ಉಡುಗಿಹೋಯಿತು.

ಗಾರ್ಡಮ್ಮ ಏನಾಯಿತಕ್ಕಾ ಎಂದು ಕೇಳಿದಳು. ಮಾಡಿದ ಎರಡನೆಯ ತಪ್ಪು ಅವಳಿಗೆ ಹೇಳಿದ್ದು. ಗಾರ್ಡಮ್ಮ ಮೊದಲು ಬಾಯಿಗೆ ಬಟ್ಟೆ ತುರುಕಿಕೊಂಡು ನಕ್ಕಳು. ನಗುತ್ತಲೇ ಒಂದು ಕೋಸು ತೆಗೆದು ಚಾಕು ಇಟ್ಟಳು. ಚಾಕು ಕಿರ್ರ್ ಎಂದಿತು. ಅವಳು ಚಾಕು ಬಿಸಾಕಿ ಎದ್ದು ನಿಂತಳು.

“ಅಕ್ಕಾ, ನಮ್ಮೆಜಮಾನರು ನಿಜವಾಗಿ ಡ್ಯೂಟಿ ಮೇಲೇ ಇದ್ದಾರಲ್ವಾ?”

“ನೀನೇ ತಾನೇ ಬುತ್ತಿ ಕಟ್ಟಿ ಕಳಿಸಿದ್ದು?”

“ಕಳಿಸಿದ್ದು ನಾನೇ. ಆದರೂ ಒಂದು ಫೋನ್ ಮಾಡಿಬಿಡ್ತೀನಿ.”

ಫೋನು ಮಾಡಿದಳು. ಗಾರ್ಡ್ ಯಾವುದೋ ಸ್ಟೇಷನ್ನಿನಲ್ಲಿ ನಿದ್ದೆಯಿಂದ ಎದ್ದು ಬೈದ. ಬದುಕಿದ್ದಾನೆಂದು ಖಾತ್ರಿಯಾಯಿತು, ಆದರೆ ಕೋಸು ಹಾಗೇ ಉಳಿಯಿತು. ಗೋಡೆಯ ಗಡಿಯಾರ ಹನ್ನೊಂದರ ಕಡೆಗೆ ಓಡುತ್ತಿತ್ತು. ಎರಡು ಮೂಟೆ ತುಂಬ ದುಂಡುದುಂಡು ತಲೆಗಳು ಒಂದರ ಮೇಲೊಂದು ಕೂತು ಇವರನ್ನೇ ನೋಡುತ್ತಿದ್ದವು. ಕಣ್ಣು ಮುಚ್ಚಿಕೊಂಡು ಹೆಚ್ಚಲು ನೋಡಿದರು. ಕಣ್ಣು ಮುಚ್ಚಿದರೆ ಇನ್ನೂ ಚೆನ್ನಾಗಿ ಕಾಣುತ್ತಿತ್ತು. ಕೋಸಿನ ಮೇಲೆ ಬಿಳಿ ಬಟ್ಟೆ ಹೊದಿಸಿ ನೋಡಿದರು. ಅದನ್ನು ಕಂಡು ಇಬ್ಬರೂ ಬಾಗಿಲ ತನಕ ಹಿಂದಕ್ಕೆ ಸರಿದರು. ಎಲೆ ಎಲೆಯಾಗಿ ಕೈಯಲ್ಲೇ ಕೀಳೋಣ ಎಂದು ಗಾರ್ಡಮ್ಮ ಹೇಳಿದಳು, ಚರ್ಮ ಸುಲಿಯುವ ಮಾತು ಆಡಬೇಡ ಎಂದು ಗಟ್ಟಿಯಕ್ಕ ಅವಳ ಬಾಯಿ ಮುಚ್ಚಿಸಿದಳು.

ಕಾಂಟ್ರಾಕ್ಟು ಕೈ ತಪ್ಪಿತು ಎಂದುಕೊಂಡಾಗ ಗಟ್ಟಿಯಕ್ಕನಿಗೆ ನಿಜಕ್ಕೂ ಅಳು ಬಂತು. ಒಂದು ವಾರ ಬೆನ್ನು ಮುರಿದು ದುಡಿದದ್ದು, ಕದ್ದು ಮೆಟ್ಟಿಲು ಹತ್ತಿದ್ದು, ಎಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದ ಹಾಗಾಯಿತು. ಇನ್ನು ಮುಂದೆಯೂ ಕೇಳಿದವರಿಗೆ “ಏನಿಲ್ಲ” ಎನ್ನಬೇಕು. ಆಗ ಅವಳಿಗೆ ಹೊಳೆಯಿತು. ಕೆಳಗಿನ ಮನೆಯಲ್ಲಿ ಒಬ್ಬ ಮನುಷ್ಯ ಇದ್ದಾರೆ. ಇಪ್ಪತ್ತೈದು ವರ್ಷದಿಂದ ಕೋಸು ಕಡಿದು ಕಡಿದು ಒಂದು ದಿನವೂ ಕೈ ನಡುಗದವರು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಯಿತಲ್ಲ. ಹೋಗಿ ಹೇಳಿಬಿಡುತ್ತೇನೆ, ಬೈದರೆ ಬೈಯಲಿ ಎಂದು ಅವಳು ಬಾಗಿಲ ಕಡೆ ನಡೆದಳು.

ಅಷ್ಟರಲ್ಲಿ ಹೊರಗೆ ಗುಡುಗಿತು.

ನೆತ್ತಿ ಸುಡುವ ಬಿಸಿಲಿನಲ್ಲಿ, ಮೋಡವಿಲ್ಲದ ಆಕಾಶದಲ್ಲಿ, ಅದೂ ಮೆಟ್ಟಿಲ ಮೇಲೆ ಗುಡುಗು. ಇಬ್ಬರು ಹೆಂಗಸರೂ ಒಬ್ಬರನ್ನೊಬ್ಬರು ಅಪ್ಪಿಕೊಂಡು ಕಿರುಚಿದರು. ಮರುಕ್ಷಣ ಬಾಗಿಲು ಧಡಾರನೆ ತೆರೆದು ಒಂದು ದೊಡ್ಡ ತಗಡು ಗಡಗಡ ನಡುಗುತ್ತ ಒಳಗೆ ಬಂತು. ತಗಡಿನ ಹಿಂದೆ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡ ಸದ್ದಪ್ಪನವರಿದ್ದರು. ನಡುಗುತ್ತಿದ್ದದ್ದು ತಗಡಲ್ಲ, ಅವರು.

“ನನ್ನ ಹೆಂಡತಿಯನ್ನು ಬಿಟ್ಟುಬಿಡಿ,” ಎಂದರು. ಧ್ವನಿ ಅವರದೇ ಎಂದು ಗುರುತೇ ಸಿಗುತ್ತಿರಲಿಲ್ಲ. “ಅವಳು ಯಾರಿಗೂ ಕೆಟ್ಟದ್ದು ಮಾಡಿದವಳಲ್ಲ. ಬೇಕಾದರೆ ನನ್ನನ್ನು ಹಿಡ್ಕೊಳ್ಳಿ.”

ನಡೆದದ್ದು ಇಷ್ಟೇ. ಅಂದು ಮೇಲೆ ಏಟಿನ ಸದ್ದಿಲ್ಲ, ಎಳೆಯುವ ಸದ್ದಿಲ್ಲ, ಬರೀ ಆ ಭಾರದ ಹೆಜ್ಜೆ ಹಿಂದಕ್ಕೂ ಮುಂದಕ್ಕೂ ಓಡಾಡುತ್ತಿತ್ತು. ಆ ಮೌನ ತಾಳಲಾರದೆ ಸದ್ದಪ್ಪನವರು ಹಿತ್ತಲಿಗೆ ಬಂದು ನೋಡಿದರು. ಮನಸ್ಸು ಎಲ್ಲೋ ಇದ್ದ ಗಟ್ಟಿಯಕ್ಕ ಅಂದು ಚಪ್ಪಲಿಯನ್ನು ಮೆಟ್ಟಿಲ ಬುಡದಲ್ಲೇ ಬಿಟ್ಟು ಹೋಗಿದ್ದಳು. ಮಾರ್ಕೆಟ್ಟಿಗೆ ಹೋದ ಹೆಂಡತಿಯ ಚಪ್ಪಲಿ ಕೊಲೆಗಡುಕರ ಮೆಟ್ಟಿಲಲ್ಲಿ ಎಂದರೆ ಇನ್ನೇನು ಉಳಿಯಿತು? ಹಲ್ಲಿ ಕಂಡರೆ ಕುರ್ಚಿ ಹತ್ತುವ ಆ ಮನುಷ್ಯ, ಮನೆಯಲ್ಲಿದ್ದ ಒಂದೇ ಆಯುಧವನ್ನು ಎದೆಗೆ ಹಿಡಿದುಕೊಂಡು ಮೆಟ್ಟಿಲು ಹತ್ತಿದ್ದರು. ಗಟ್ಟಿಯಕ್ಕನಿಗೆ ಅದು ಅರ್ಥವಾಗಿ ಕಣ್ಣಲ್ಲಿ ನೀರು ಬಂತು. ಇವರನ್ನು ಏನೇನೋ ಅಂದುಕೊಂಡೆನಲ್ಲ ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಕಣ್ಣು ಬಿಡಿ, ರೀ. ನಾನೇ.”

ಸದ್ದಪ್ಪನವರು ಮೊದಲು ಒಂದು ಕಣ್ಣು ಬಿಟ್ಟರು. ಹೆಂಡತಿ ಪೂರ್ತಿಯಾಗಿ, ಎಲ್ಲ ಅಂಗಾಂಗಗಳ ಸಮೇತ ಇರುವುದನ್ನು ಕಂಡು ಇನ್ನೊಂದನ್ನೂ ಬಿಟ್ಟರು. ಕಂಬಳಿ, ಹಲಗೆ, ಚಾಕು, ಒದ್ದೆ ಚೀಲ, ಎರಡು ಮೂಟೆ ಕೋಸು ಒಂದೊಂದಾಗಿ ಕಣ್ಣಿಗೆ ಬಿದ್ದವು. ಗಟ್ಟಿಯಕ್ಕ ಉಸಿರು ಬಿಡದೆ ಎಲ್ಲವನ್ನೂ ಹೇಳಿದಳು: ಕ್ಯಾಂಟೀನು, ಕಾಂಟ್ರಾಕ್ಟು, ಮಾರ್ಕೆಟ್ಟಿನ ಸುಳ್ಳು, ಬರುವ ಆಟೋ. ಅವರು ಬೈಯಲಿಲ್ಲ. ತಗಡನ್ನು ಗೋಡೆಗೆ ಒರಗಿಸಿ, ಮೂಟೆಗೆ ಕಿವಿ ಇಟ್ಟು ಬೆರಳಿನಿಂದ ತಟ್ಟಿ ನೋಡಿದರು.

“ಹಾಗಾದರೆ ಅದು ಕೋಸೇ,” ಎಂದರು. ಮೊಗ ಬಾಡಿತು. ಆಮೇಲೆ ಏನೋ ನೆನಪಾಗಿ, “ಮತ್ತೆ ಆ ತೂಕದ ಹೆಂಗಸು?” ಎಂದು ಕೇಳಿದರು.

ಗಟ್ಟಿಯಕ್ಕ ಸೊಂಟದ ಮೇಲೆ ಕೈಯಿಟ್ಟು ಅವರ ಮುಂದೆ ನಿಂತಳು. ಸದ್ದಪ್ಪನವರು ಅವಳ ಕಾಲು ನೋಡಿದರು, ಮುಖ ನೋಡಿದರು, ಆಮೇಲೆ ಅತಿ ಅವಸರದಿಂದ ಚಾಕು ಎಲ್ಲಿದೆ ಎಂದು ಕೇಳಿದರು.

ನಮ್ಮ ಕೈಯಲ್ಲಿ ಆಗುತ್ತಿಲ್ಲ, ಭಯವಾಗುತ್ತದೆ ಎಂದು ಇಬ್ಬರೂ ಒಪ್ಪಿಕೊಂಡಾಗ ಅವರಿಗೆ ಅದು ತಲೆಗೇ ಹೋಗಲಿಲ್ಲ. ಒಂದು ಕೋಸನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ಹೆಂಡತಿಯ ಕಡೆ ಕನಿಕರದಿಂದ ತಿರುಗಿದರು.

“ಇದಕ್ಕೆ ಯಾಕೆ ಹೆದರ್ತೀಯೇ? ಕೋಸು ಕಣೇ ಇದು.”

ಅದನ್ನು ಹೇಳಿದವರು ಯಾರು ಎಂದು ನೆನೆದು ಗಟ್ಟಿಯಕ್ಕನಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಆದರೆ ಆ ಮನುಷ್ಯನ ಕಥೆಯೇ ಹಾಗೆ. ಕಿವಿಗೆ ಬಿದ್ದರೆ ಕುತ್ತಿಗೆ, ಕೈಗೆ ಬಂದರೆ ಕೋಸು. ಸದ್ದಪ್ಪನವರು ಅಂಗಿಯ ತೋಳು ಮಡಚಿ ಕೂತರು. ಕಚಕಚಕಚ ಎಂದು ಚಾಕು ಓಡಿತು. ಎಲೆ ಹಾರಿತು, ದಂಟು ಹಾರಿತು, ರಾಜರು ಮಂತ್ರಿಗಳು ಸೇನಾಪತಿಗಳು ಸಾಲುಸಾಲಾಗಿ ಉರುಳಿದರು. ಇಬ್ಬರು ಹೆಂಗಸರು ಗೋಡೆಗೆ ಮುಖ ಮಾಡಿ, ಕಿವಿಗೆ ಹತ್ತಿ ತುರುಕಿಕೊಂಡು, ಹಿಂಗೈಯಲ್ಲೇ ಚೀಲ ಹಿಡಿದು ನಿಂತರು. ಆಟೋದ ಹಾರ್ನು ಕೇಳಿಸಿದಾಗ ಎರಡನೆಯ ಮೂಟೆಯ ಕೊನೆಯ ಕೋಸು ಚೀಲಕ್ಕೆ ಬಿದ್ದಿತ್ತು.

ಮಧ್ಯಾಹ್ನ ಕ್ಯಾಂಟೀನ್ ಮ್ಯಾನೇಜರನ ಫೋನು ಬಂತು. ಕಾಂಟ್ರಾಕ್ಟು ನಿಮ್ಮದೇ, ಇನ್ನು ದಿನಾ ಕ್ಯಾರೆಟ್ಟೂ ಬೇಕು ಎಂದ. ಗಟ್ಟಿಯಕ್ಕ ಕುಣಿಯುವುದೊಂದು ಬಾಕಿ. ಅವನು ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಇಷ್ಟು ದಿನದ ಕೋಸು ಪರವಾಗಿಲ್ಲ ಎನ್ನುವಂತಿತ್ತು, ಆದರೆ ಇವತ್ತಿನದು ಕೂದಲೆಳೆಯ ಹಾಗಿದೆ, ಇವತ್ತು ಹೆಚ್ಚಿದವರೇ ಇನ್ನು ಮುಂದೆ ಹೆಚ್ಚಲಿ ಎಂದೂ ಸೇರಿಸಿದ. ಪಕ್ಕದಲ್ಲೇ ಕಿವಿ ಕೊಟ್ಟು ನಿಂತಿದ್ದ ಸದ್ದಪ್ಪನವರು ಏನೂ ಕೇಳಿಸದವರ ಹಾಗೆ ಮೀಸೆ ತೀಡಿಕೊಂಡರು. ಸಂಜೆಯೊಳಗೆ ಅವರ ರಾಜಶಾಸನಕ್ಕೆ ತಿದ್ದುಪಡಿಯೂ ಆಯಿತು: ಮೇಲಿನ ಮನೆಯಲ್ಲಿ ವ್ಯಾಪಾರ ಮಾಡಬಹುದು, ಪಾಲುದಾರರಲ್ಲಿ ಮನೆಯ ಯಜಮಾನರೂ ಒಬ್ಬರಿರತಕ್ಕದ್ದು.

ಈಗ ಅವರು ದಿನಾ ಬೆಳಿಗ್ಗೆ ಡ್ಯೂಟಿಗೆ ಹೋಗುವ ಮುಂಚೆ ಮೇಲೆ ಹೋಗಿ ಕೋಸು ಮುಗಿಸಿ ಇಳಿಯುತ್ತಾರೆ. ಗಟ್ಟಿಯಕ್ಕ ಅಷ್ಟು ಹೊತ್ತು ಕೆಳಗಿರುತ್ತಾಳೆ. ಮೇಲೆ ಇರುವುದು ತನ್ನ ಗಂಡ, ಗಂಡನ ಕೈಯಲ್ಲಿರುವುದು ಕೋಸು ಎಂದು ಅವಳಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಆ ಹೊತ್ತಿಗೆ ಸರಿಯಾಗಿ ಅವಳು ಮಿಕ್ಸಿ ಹಾಕುತ್ತಾಳೆ, ಅರೆಯಲು ಏನೂ ಇಲ್ಲದಿದ್ದರೆ ನೀರನ್ನೇ ಅರೆಯುತ್ತಾಳೆ.

ಕ್ಯಾರೆಟ್ಟು ತಾನೇ ಹೆಚ್ಚುತ್ತೇನೆ, ಅದಕ್ಕೆ ತಲೆಯೂ ಇಲ್ಲ ಕುತ್ತಿಗೆಯೂ ಇಲ್ಲ ಎಂದು ಅವಳು ಮೊದಲ ದಿನ ಠೀವಿಯಿಂದ ಕೂತದ್ದು ನಿಜ. ಒಂದು ಬುಟ್ಟಿ ಹೆಚ್ಚಿಯೂ ಇದ್ದಳು. ಹೆಂಡತಿಯ ಧೈರ್ಯ ಮರಳಿ ಬಂದದ್ದು ಕಂಡು ಸದ್ದಪ್ಪನವರಿಗೆ ಪ್ರೀತಿ ಉಕ್ಕಿ ಪಕ್ಕದಲ್ಲಿ ಬಂದು ಕೂತರು. ಸ್ಟುಡಿಯೋದಲ್ಲಿ ಕೈದಿಯ ಬೆರಳು ಮುರಿಯುವ ದೃಶ್ಯಕ್ಕೆ ತಾವು ಕ್ಯಾರೆಟ್ಟನ್ನೇ ಬಳಸುವುದು ಎಂದು ಅಕ್ಕರೆಯಿಂದ ತಿಳಿಸಿದರು. ಎಳೆಯ ಕ್ಯಾರೆಟ್ಟಾದರೆ ಕಿರುಬೆರಳು ಎಂದೂ ಹೇಳಿದರು.

ಅಂದಿನಿಂದ ಕ್ಯಾರೆಟ್ಟೂ ಅವರದೇ. ಯಾರಾದರೂ “ನೀವು ಏನು ಮಾಡ್ತೀರಿ?” ಎಂದು ಕೇಳಿದರೆ ಗಟ್ಟಿಯಕ್ಕ ತಲೆ ಎತ್ತಿ “ನಮ್ಮದು ತರಕಾರಿ ವ್ಯಾಪಾರ, ನಾನೇ ಮಾಲೀಕಳು” ಎನ್ನುತ್ತಾಳೆ. ಮಾಲೀಕಳು ಮಾಡುವ ಕೆಲಸ ಚೀಲದ ಬಾಯಿ ಕಟ್ಟುವುದು. ಚೀಲದ ಬಾಯಿ ಬಿಗಿಯುವ ಸದ್ದು ಯಾವ ದೃಶ್ಯಕ್ಕೆ ಒದಗುತ್ತದೆ ಎಂಬುದನ್ನು ಸದ್ದಪ್ಪನವರು ಇನ್ನೂ ಹೇಳಿಲ್ಲ. ಹೇಳಲು ಅವರು ಬಾಯಿ ತೆರೆದಾಗಲೆಲ್ಲ ಅವಳು ಕಣ್ಣು ಮುಚ್ಚಿಕೊಂಡು ಒಂದು ಇಡೀ ಕ್ಯಾರೆಟ್ಟನ್ನು ಅದರೊಳಗೆ ತುರುಕುತ್ತಾಳೆ.